ಮೈನಸ್ ಹದಿನೈದು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಮದ್ದಿಲ್ಲದಿದ್ದರೆ ಹೋಗಲಿ, ಅದು ಒಳಗೇ ಉರಿದುಕೊಂಡು ಬಿದ್ದಿರುತ್ತದೆ. ಅದಕ್ಕೆ ಕೈ ಮಾತ್ರ ಬರಬಾರದು. ಮೇಷ್ಟ್ರ ಹೊಟ್ಟೆಕಿಚ್ಚಿಗೆ ಕೈ ಬಂದದ್ದು ಒಂದು ಸೋಮವಾರ, ಹಗಲು ಹೊತ್ತಿನಲ್ಲಿ, ಹೆಂಡತಿ ಊಟದ ಡಬ್ಬಿ ತರಲು ಮನೆಗೆ ಹೋಗಿದ್ದಾಗ.

ಮೇಷ್ಟ್ರು ಎಂದರೆ ಶಾಲೆಯವರಲ್ಲ, ಫೋಟೋ ಸ್ಟುಡಿಯೋದವರು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ದೊಡ್ಡ ದೊಡ್ಡವರನ್ನೂ ಸ್ಟೂಲಿನ ಮೇಲೆ ಕೂರಿಸಿ ‘ಗದ್ದ ಕೆಳಗೆ, ಭುಜ ಸಡಿಲ, ಬಾಯಿ ಮುಚ್ಚಿ’ ಎಂದು ಗದರಿಸುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರದು. ಹದಿನೆಂಟು ವರ್ಷದಿಂದ ಅವರು ತೆಗೆದ ಫೋಟೋಗಳಲ್ಲಿ ಒಂದೂ ಅಲುಗಿಲ್ಲ, ಒಂದೂ ಮಂಜಾಗಿಲ್ಲ. ಒಂದರಲ್ಲೂ ಯಾರೂ ನಕ್ಕಿರಲಿಲ್ಲ, ಅದು ಬೇರೆ ಮಾತು.

ಹೆಂಡತಿ ಕೌಂಟರಿನಲ್ಲಿ ಕೂರುತ್ತಿದ್ದಳು. ಫೋಟೋ ಕತ್ತರಿಸುವುದು, ಕವರಿಗೆ ಹಾಕುವುದು, ಬಂದವರಿಗೆ ಬಾಚಣಿಗೆ ಕೊಡುವುದು ಅವಳ ಕೆಲಸ. ಬಿಡುವಿದ್ದಾಗ ಕ್ಯಾಮೆರಾದ ಜೊತೆ ಬಂದ ದಪ್ಪ ಪುಸ್ತಕ ಓದುತ್ತಿದ್ದಳು. ‘ಅದನ್ನ ಯಾರೇ ಓದ್ತಾರೆ?’ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಹೋದ ವರ್ಷ ಅವರು ಜ್ವರ ಹಿಡಿದು ನಾಲ್ಕು ದಿನ ಮಲಗಿದಾಗ ಅವಳು ಸ್ಟುಡಿಯೋ ತೆರೆದಳು. ಆ ನಾಲ್ಕು ದಿನದಲ್ಲಿ ಪಕ್ಕದ ಆಸ್ಪತ್ರೆಯ ನರ್ಸ್ ಒಬ್ಬಳು ಗುರುತಿನ ಚೀಟಿಗೆಂದು ಫೋಟೋ ತೆಗೆಸಿಕೊಂಡು ಹೋದಳು. ಮರುವಾರ ಅದರಲ್ಲಿನ ನಗು ನೋಡಿ ನಾಲ್ವರು ನರ್ಸುಗಳು ಬಂದರು. ಆಮೇಲೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಕೇಳಲು ಶುರುಮಾಡಿದರು, ‘ಅಕ್ಕ ಇದ್ದಾರಾ?’

ಮೇಷ್ಟ್ರು ‘ಇದ್ದಾಳೆ’ ಎನ್ನುತ್ತಿದ್ದರು, ನಗುತ್ತಲೇ. ಒಳಗೆ ಮಾತ್ರ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಆಸ್ಪತ್ರೆಗೆ ಐವತ್ತು ವರ್ಷ ತುಂಬಿತೆಂದು ಅಲ್ಲಿನ ತೊಂಬತ್ತು ನರ್ಸುಗಳ ಫೋಟೋ ತೆಗೆಸಿ ಉದ್ದ ಪಡಸಾಲೆಯಲ್ಲಿ ತೂಗುಹಾಕುವ ಯೋಚನೆ ಬಂತು. ಸ್ಟುಡಿಯೋದ ಸ್ಟೂಲಿನ ಮೇಲಲ್ಲ, ಅವರವರ ವಾರ್ಡಿನಲ್ಲಿ, ಕೆಲಸದ ನಡುವೆ, ಫ್ಲ್ಯಾಶ್ ಇಲ್ಲದೆ. ಮಾತಾಡಲು ಹಿರಿಯ ನರ್ಸೇ ಬಂದರು. ಮೇಷ್ಟ್ರು ಕುರ್ಚಿ ಎಳೆದು ಕೊಟ್ಟರು, ನೀರು ತರಿಸಿದರು, ತಮ್ಮ ದೊಡ್ಡ ಆಲ್ಬಮ್ ತೆರೆದಿಟ್ಟರು. ಆಕೆ ಪುಟ ತಿರುವಿ, ಮೆಚ್ಚಿದಂತೆ ತಲೆದೂಗಿ, ಮುಚ್ಚಿಟ್ಟು ಹೇಳಿದರು: ‘ತುಂಬಾ ಚೆನ್ನಾಗಿವೆ. ಆದ್ರೆ ನಮ್ಮ ಹುಡುಗೀರು ಅಕ್ಕನೇ ತೆಗೀಲಿ ಅಂತಾರೆ.’

‘ಯಾವ ಅಕ್ಕ?’ ಎಂದರು ಮೇಷ್ಟ್ರು, ಮನೆಯಲ್ಲಿ ಹತ್ತು ಜನ ಅಕ್ಕಂದಿರಿರುವವರ ಹಾಗೆ.

ಹದಿನೆಂಟು ವರ್ಷ. ಅವರ ಒಂದು ಫೋಟೋವನ್ನೂ ಯಾರೂ ಗೋಡೆಗೆ ಹಾಕುತ್ತೇವೆ ಎಂದು ಕೇಳಿರಲಿಲ್ಲ. ಅವರ ಫೋಟೋಗಳೆಲ್ಲ ಅರ್ಜಿಗಳಿಗೆ ಅಂಟಿ ಯಾವ್ಯಾವುದೋ ಕಪಾಟಿನಲ್ಲಿ ಬಿದ್ದಿದ್ದವು. ಇವಳು ಕ್ಯಾಮೆರಾ ಹಿಡಿದು ಇನ್ನೂ ವರ್ಷ ತುಂಬಿಲ್ಲ, ಇವಳಿಗೆ ತೊಂಬತ್ತು ಚೌಕಟ್ಟು!

ವಾರ್ಡಿನ ಮಂದ ಬೆಳಕಿಗೆ ಸ್ಟುಡಿಯೋದ ಹಳೇ ಜೂಮ್ ಲೆನ್ಸ್ ಸಾಲದು. ಬೆಳಕು ಹೆಚ್ಚು ಒಳಬಿಡುವ ಐವತ್ತು ಎಂಎಂ ಲೆನ್ಸ್ ಬೇಕು. ಸೋಮವಾರ ಬೆಳಿಗ್ಗೆ ಇಬ್ಬರೂ ಹಳೇ ಕ್ಯಾಮೆರಾ ಮಾರುವ ಅಂಗಡಿಗೆ ಹೋದರು. ಅಂಗಡಿಯವ ಹಸಿರು ಬಟ್ಟೆಯ ಮೇಲೆ ಎರಡು ಲೆನ್ಸ್ ಇಟ್ಟ. ಮೊದಲನೆಯದರ ಬಾಯಿ ಅಗಲ, ಒಂದು ಪಾಯಿಂಟ್ ನಾಲ್ಕರದ್ದು, ಲೋಹದ ಮೈ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವಂಥದ್ದು, ಗಾಜಿನೊಳಗೆ ತುಸು ಧೂಳು. ಇನ್ನೊಂದರ ಬಾಯಿ ತುಸು ಕಿರಿದು, ಒಂದು ಪಾಯಿಂಟ್ ಎಂಟರದ್ದು, ಪ್ಲಾಸ್ಟಿಕ್ ಮೈ, ಹಗುರ, ಗಾಜು ಮಾತ್ರ ತೊಳೆದಿಟ್ಟಂತೆ ಸ್ವಚ್ಛ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೇಷ್ಟ್ರು ಲೋಹದ್ದನ್ನು ಎತ್ತಿಕೊಂಡರು. ‘ಲೆನ್ಸ್ ಅಂದ್ರೆ ಇದು ಕಣೇ. ಹಿಡಿದವನಿಗೊಂದು ಮರ್ಯಾದೆ.’

‘ಬೆಳಗಿಂದ ಸಂಜೆವರೆಗೆ ವಾರ್ಡಲ್ಲಿ ಓಡಾಡಬೇಕಲ್ರೀ,’ ಎಂದಳು ಹೆಂಡತಿ. ‘ನನಗೆ ಹಗುರದ್ದೇ ಸಾಕು. ಪೂರ್ತಿ ತೆರೆದರೂ ಇದರಲ್ಲಿ ಕಣ್ಣು ಚೂಪಾಗಿ ಬರುತ್ತೆ. ಅದರಲ್ಲಿ ಧೂಳಿಗೆ ಸ್ವಲ್ಪ ಮಸುಕಾಗುತ್ತೆ, ಅಲ್ವಾ?’

ಕೇಳಿದ್ದು ಅಂಗಡಿಯವನನ್ನು. ಅವನು ಕನ್ನಡಕ ಮೇಲೇರಿಸಿ, ‘ನೀವು ಹೇಳಿದ್ದೇ ಸರಿ ಮೇಡಂ,’ ಎಂದ. ಆಮೇಲೆ ಆಡಿದ ಮಾತನ್ನೆಲ್ಲ ಅವಳ ಕಡೆಗೇ ತಿರುಗಿ ಆಡಿದ. ಪಕ್ಕದಲ್ಲಿ ಹದಿನೆಂಟು ವರ್ಷದ ಅನುಭವ ನಿಂತಿದೆ ಎಂಬ ಪರಿವೆಯೇ ಅವನಿಗಿರಲಿಲ್ಲ. ಕೊನೆಗೆ, ‘ಎರಡೂ ಒಯ್ದು ನೋಡಿ. ಶನಿವಾರ ಬೇಡದ್ದನ್ನ ವಾಪಸ್ ತನ್ನಿ,’ ಎಂದು ಡಬ್ಬಿ ಕಟ್ಟಿ ಅವಳ ಕೈಗೇ ಕೊಟ್ಟ.

ಆ ಮಧ್ಯಾಹ್ನವೇ ಅವರ ಹೊಟ್ಟೆಕಿಚ್ಚಿಗೆ ಕೈ ಬಂತು.

ಕ್ಯಾಮೆರಾದೊಳಗೆ ಒಂದು ಸೌಕರ್ಯವಿರುತ್ತದೆ. ಹಳೇ ಲೆನ್ಸು ಕೆಲವೊಮ್ಮೆ ಗುರಿ ತಪ್ಪುತ್ತದೆ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯನ್ನು ಹಿಡಿಯುತ್ತದೆ. ಅದನ್ನು ಸರಿಪಡಿಸಲು ಒಂದೊಂದು ಲೆನ್ಸಿಗೂ ಒಂದೊಂದು ಅಂಕಿ ಕೊಟ್ಟು ಫೋಕಸನ್ನು ಹಿಂದೆ ಮುಂದೆ ಸರಿಸಬಹುದು. ಗುರಿ ಸರಿಯಿರುವ ಲೆನ್ಸಿಗೆ ಸೊನ್ನೆ. ಈ ಎರಡೂ ಲೆನ್ಸಿನ ಗುರಿ ಸರಿಯಾಗಿಯೇ ಇತ್ತು. ಮೇಷ್ಟ್ರು ಬೀದಿಯ ಕಡೆ ಒಮ್ಮೆ ನೋಡಿ, ಎರಡಕ್ಕೂ ಮೈನಸ್ ಹದಿನೈದು ಒತ್ತಿದರು. ಇನ್ನು ಲೆನ್ಸನ್ನು ಪೂರ್ತಿ ತೆರೆದು ಯಾರು ಮುಖ ತೆಗೆದರೂ ಮೂಗಿನ ತುದಿ ಚೂಪು, ಕಣ್ಣು ಮಂಜು. ಎಷ್ಟೋ ತಿಂಗಳ ಮೇಲೆ ಅವತ್ತು ಅನ್ನ ಸರಿಯಾಗಿ ಒಳಗಿಳಿಯಿತು.

ಮಂಗಳವಾರ ಅವಳು ಬಂದ ಗಿರಾಕಿಗಳನ್ನೆಲ್ಲ ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ಮಾತಾಡಿಸುತ್ತ ತೆಗೆದಳು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. ಒಂದರಲ್ಲೂ ಕಣ್ಣು ಚೂಪಾಗಿಲ್ಲ. ಲೆನ್ಸ್ ಬದಲಾಯಿಸಿದಳು. ಅದರಲ್ಲೂ ಇಲ್ಲ.

‘ಎರಡೂ ಲೆನ್ಸಿನಲ್ಲಿ ಏನೋ ದೋಷ ಇದೆ ಅನ್ಸುತ್ತೆ ರೀ.’

‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ,’ ಎಂದರು ಮೇಷ್ಟ್ರು. ಗಾದೆ ಬಾಯಿಂದ ಜಾರಿದ ಮೇಲೆ, ನೆಲವನ್ನು ಡೊಂಕು ಮಾಡಿದವರೇ ತಾವು ಎಂಬುದು ನೆನಪಾಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ಕೈ ನಡುಗುತ್ತಿರಬೇಕು. ಇಲ್ಲ ಕಣ್ಣು ನೋಡಿಸ್ಕೋ.’

ಬುಧವಾರ ಅವಳು ನಿಜವಾಗಿ ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದಳು. ‘ಕಣ್ಣು ಚೆನ್ನಾಗಿದೆಯಂತೆ,’ ಎಂದಳು. ಹೇಳುವಾಗ ಮುಖದಲ್ಲಿ ಸಂತೋಷವಿರಲಿಲ್ಲ. ಕಣ್ಣು ಕೆಟ್ಟಿದ್ದರೆ ಕನ್ನಡಕವಾದರೂ ಸಿಗುತ್ತಿತ್ತು.

ಗುರುವಾರ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಹೋದರು. ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿ, ದೊಡ್ಡ ದೀಪಗಳನ್ನೆಲ್ಲ ಹಚ್ಚಿ, ಅದೇ ಕ್ಯಾಮೆರಾ ಅದೇ ಲೆನ್ಸಿನಲ್ಲಿ ಒಂದು ಫೋಟೋ ತೆಗೆದರು. ರೆಪ್ಪೆಯ ಕೂದಲು ಎಣಿಸಬಹುದಿತ್ತು. ಕೆಲಸ ಬಲ್ಲವರಿಗೆ ಇದು ಮಕ್ಕಳಾಟ. ಬೆಳಕು ಚೆಲ್ಲಿ, ಲೆನ್ಸಿನ ಬಾಯಿಯನ್ನು ಎಂಟಕ್ಕೆ ಕಿರಿದು ಮಾಡಿದರೆ ಮೂಗಿನಿಂದ ಕಿವಿಯವರೆಗೆ ಎಲ್ಲವೂ ಚೂಪಾಗಿ ಬೀಳುತ್ತದೆ, ಫೋಕಸ್ ಅಷ್ಟಿಷ್ಟು ತಪ್ಪಿದ್ದು ಅದರಲ್ಲಿ ಮುಚ್ಚಿಹೋಗುತ್ತದೆ.

‘ನನಗೆ ಬರ್ತಿದೆಯಲ್ಲ?’ ಎಂದರು.

ಅವಳು ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಸಂಜೆ ಅಂಗಡಿ ಮುಚ್ಚುವ ಮುಂಚೆ ಮೆಲ್ಲಗೆ ಕೇಳಿದಳು, ‘ರೀ, ಕ್ಯಾಮೆರಾ ಒಳಗೇ ಏನಾದ್ರೂ ಹೆಚ್ಚುಕಡಿಮೆ ಆಗಿರಬಹುದಾ?’

‘ಕ್ಯಾಮೆರಾಕ್ಕೇನು ರೋಗ? ಗಟ್ಟಿಯಾಗಿದೆ.’

‘ಹೂಂ,’ ಎಂದಳು.

ಶುಕ್ರವಾರ ಹಿರಿಯ ನರ್ಸ್ ಫೋನ್ ಮಾಡಿದರು. ಸೋಮವಾರ ಎಂಟು ಗಂಟೆಗೆ ಮಕ್ಕಳ ವಾರ್ಡಿನಿಂದ ಶುರುಮಾಡೋಣವೇ ಎಂದು. ಹೆಂಡತಿ ಫೋನನ್ನು ಎದೆಗೊತ್ತಿಕೊಂಡು ಮೇಷ್ಟ್ರ ಕಡೆ ತಿರುಗಿದಳು. ‘ಏನು ಹೇಳ್ಲಿ? ಕಣ್ಣೇ ಬರ್ತಿಲ್ಲ. ನೀವೇ ಹೇಳಿ, ಹೋಗ್ಲಾ?’

ಮೇಷ್ಟ್ರು ಕತ್ತರಿಯ ಅಲಗು ಒರೆಸುತ್ತಿದ್ದರು. ‘ನಿನ್ನಿಷ್ಟ. ಆಗಲ್ಲ ಅಂದ್ರೆ ನಾನಿದ್ದೀನಲ್ಲ.’

ಅವಳು ಫೋನೆತ್ತಿ, ‘ನಾಳೆ ಹೇಳ್ತೀನಿ ಮೇಡಂ,’ ಎಂದಳು.

ಗೆದ್ದೆ ಎಂದುಕೊಂಡರು ಮೇಷ್ಟ್ರು. ಗೆದ್ದವರಿಗೆ ಆಗಬೇಕಾದ ಖುಷಿಗಾಗಿ ಅರ್ಧ ಗಂಟೆ ಕಾದರು, ಬರಲಿಲ್ಲ. ಅಷ್ಟರಲ್ಲಿ ಮೂಲೆಮನೆಯ ಟೈಲರ್ ಮೊಮ್ಮಗಳನ್ನು ಕರೆದುಕೊಂಡು ಬಂದ. ‘ಅಕ್ಕಾ, ನೀವೇ ತೆಗೀರಿ, ಇವಳು ನಿಮಗೇ ನಗೋದು.’

‘ಬೇಡಣ್ಣ, ಇವರೇ ತೆಗೀಲಿ,’ ಎಂದಳು ಹೆಂಡತಿ. ‘ಹದಿನೆಂಟು ವರ್ಷದ ಕೈ ಅದು. ನಾನು ಎಷ್ಟು ತಿಪ್ಪರಲಾಗ ಹಾಕಿದ್ರೂ ಇವರ ಹಾಗೆ ಬರಲ್ಲ.’

ಎಷ್ಟು ವರ್ಷದಿಂದ ಬೇಕಿತ್ತು ಈ ಮಾತು ಮೇಷ್ಟ್ರಿಗೆ! ಬಂತು, ಗಿರಾಕಿಯ ಎದುರಿಗೇ ಬಂತು. ಬಂದದ್ದು ಬಿಸಿ ತುಪ್ಪವಾಗಿ ಗಂಟಲಲ್ಲಿ ನಿಂತಿತು, ನುಂಗಲೂ ಆಗದು, ಉಗುಳಲೂ ಆಗದು. ಆ ಮಗುವನ್ನು ಕೂರಿಸಿ ‘ಗದ್ದ ಕೆಳಗೆ’ ಎಂದರು. ಮಗು ಅತ್ತಿತು. ಅವರಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಕೆಳಗೆ ಹೊಟ್ಟೆಕಿಚ್ಚು ಇನ್ನೂ ಬೆಚ್ಚಗೇ ಇತ್ತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಳಿಗ್ಗೆ ಅವರು ಅವಳಿಗಿಂತ ಮುಂಚೆ ಬಂದು ಬಾಗಿಲು ತೆರೆದರು. ದೀಪ ಹಚ್ಚದೆಯೇ ಕ್ಯಾಮೆರಾ ತೆಗೆದು ಎರಡೂ ಲೆನ್ಸನ್ನು ಒಂದಾದ ಮೇಲೊಂದು ಹಾಕಿ, ಎರಡಕ್ಕೂ ಸೊನ್ನೆ ಒತ್ತಿದರು. ಮನಸ್ಸು ಹಗುರಾಯಿತು. ಯಾರಿಗೂ ಏನೂ ತಿಳಿಯದೆ ಎಲ್ಲ ಮೊದಲಿನಂತಾಯಿತು, ಇನ್ನು ಅವಳಿಗೊಂದು ಧೈರ್ಯದ ಮಾತು ಹೇಳಿದರೆ ಮುಗಿಯಿತು ಎಂದುಕೊಂಡರು.

ಅವಳು ಬಂದು ಕಸ ಗುಡಿಸಿ, ಕೈ ತೊಳೆದು ಬಂದಾಗ ಕ್ಯಾಮೆರಾ ಮುಂದೆ ಹಿಡಿದರು. ‘ಇನ್ನೊಂದು ಸಲ ಪ್ರಯತ್ನ ಮಾಡೇ. ನನ್ನನ್ನೇ ತೆಗಿ.’

ಅವಳು ಹಗುರದ ಲೆನ್ಸ್ ಹಾಕಿದಳು. ಬಾಗಿಲ ಬೆಳಕಿಗೆ ಅವರನ್ನು ನಿಲ್ಲಿಸಿದಳು. ಗದ್ದ, ಭುಜ ಏನೂ ಹೇಳಲಿಲ್ಲ. ಒಂದೇ ಒಂದು ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿದಳು. ಎರಡೂ ಕಣ್ಣು ನೀರಿನಷ್ಟು ನಿಚ್ಚಳ.

‘ನೋಡಿದ್ಯಾ!’ ಎಂದರು ಮೇಷ್ಟ್ರು. ‘ನಾನು ಹೇಳಲಿಲ್ವಾ? ಕೈ ಪಳಗಬೇಕು ಅಷ್ಟೇ. ಪಳಗಿತು.’

ಅವಳು ಅವರ ಮುಖ ನೋಡಲಿಲ್ಲ. ಕ್ಯಾಮೆರಾದ ಮೆನು ಒತ್ತುತ್ತಾ ಒತ್ತುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, ಅವರ ಕಡೆ ತಿರುಗಿಸಿದಳು.

‘ಗುರುವಾರ ಇಲ್ಲಿ ಮೈನಸ್ ಹದಿನೈದು ಇತ್ತು. ನಿನ್ನೆ ಸಂಜೆನೂ ಇತ್ತು. ಈಗ ಸೊನ್ನೆ ಇದೆ.’

ಮೇಷ್ಟ್ರು ಪರದೆಯ ಮೇಲಿನ ಸೊನ್ನೆಯನ್ನೇ ನೋಡಿದರು.

‘ನೀವು ನನ್ನ ಫೋಟೋ ತೆಗೆದ್ರಲ್ಲ, ಲೆನ್ಸಿನ ಬಾಯಿ ಎಂಟಕ್ಕೆ ಕಿರಿದು ಮಾಡಿ ತೆಗೆದಿದ್ರಿ. ಯಾಕಪ್ಪಾ ಅಂತ ಹುಡುಕ್ತಾ ಹೋದೆ, ಸಿಕ್ತು. ಗುರುವಾರ ಸಂಜೆ ಕೇಳಿದೆ, ಕ್ಯಾಮೆರಾ ಗಟ್ಟಿಯಾಗಿದೆ ಅಂದ್ರಿ. ನಿನ್ನೆ ಫೋನ್ ಹಿಡ್ಕೊಂಡು ಕೇಳಿದೆ, ನಿನ್ನಿಷ್ಟ ಅಂದ್ರಿ. ಟೈಲರ್ ಎದುರಿಗೆ ಹೊಗಳಿಯೂ ನೋಡಿದೆ.’ ಅವಳ ದನಿ ಏರಲಿಲ್ಲ. ಲೋಹದ ಲೆನ್ಸನ್ನು ಡಬ್ಬಿಗೆ ಹಾಕಿ ಅವರ ಕೈಗಿಟ್ಟಳು. ‘ಇದನ್ನ ಕೊಟ್ಟು ಬನ್ನಿ. ಬರೋವಾಗಲೇ ನಾನು ಮೇಡಂಗೆ ಫೋನ್ ಮಾಡಿದೆ, ಸೋಮವಾರ ಎಂಟು ಗಂಟೆಗೆ ಬರ್ತೀನಿ, ಒಬ್ಬಳೇ ಬರ್ತೀನಿ ಅಂದೆ.’

ಮೇಷ್ಟ್ರ ಕಣ್ಣು ಡಬ್ಬಿ ಹಿಡಿದ ತಮ್ಮ ಕೈಯ ಮೇಲೇ ಇತ್ತು. ‘ಗೊತ್ತಿದ್ದೂ ಎರಡು ದಿನ ಯಾಕೆ ಸುಮ್ಮನಿದ್ದೆ? ಅವತ್ತೇ ನೇರವಾಗಿ ಕೇಳಬಹುದಿತ್ತಲ್ಲ.’

‘ಕೇಳಿದ್ರೆ, ಅಪ್ಪಿತಪ್ಪಿ ಕೈ ತಾಗಿರಬೇಕು ಅಂತಿದ್ರಿ,’ ಎಂದಳು. ‘ನಾನು ನಂಬಿಬಿಡ್ತಿದ್ದೆ.’

ಮೇಷ್ಟ್ರು ಬಾಯಿ ತೆರೆದಿದ್ದರು, ಹಾಗೇ ಮುಚ್ಚಿಕೊಂಡರು. ಹೇಳಲೆಂದು ಹೊರಟಿದ್ದು ಅದೇ ಮಾತು.