ಒಳಮುಖದ ಗಂಟುಗಳು

ಕಾರ್ಖಾನೆಯಲ್ಲಿ ಬೈಂಡರ್ ಮಾಡುವ ವಿಭಾಗವನ್ನೇ ಮುಚ್ಚಿಬಿಟ್ಟರು ಅಂತ ಪ್ರೊಫೆಸರು ಕುಮಾಗಾಯ್ ಸೆನ್ಸೆಯ್ ಹೇಳಿದಾಗ ದ್ವಾರಕಾನಾಥ ಮೊದಲು ಮಾಡಿದ ಕೆಲಸವೆಂದರೆ ತಲೆ ಬಗ್ಗಿಸಿ ಅರಿಗಾತೋ ಹೇಳಿದ್ದು. ಐದು ವರ್ಷ ಜಪಾನಿನ ಸೆಂಡಾಯ್‌ನಲ್ಲಿದ್ದು ಕಲಿತದ್ದು ಅದನ್ನೇ ನೋಡಿ. ನೆತ್ತಿಯ ಮೇಲೆ ಕಲ್ಲು ಬಿದ್ದರೂ ಮೊದಲು ಥ್ಯಾಂಕ್ಸು, ಆಮೇಲೆ ಬೇಕಾದರೆ ನೋವು. ನೋವು ಬಂದಿದ್ದು ಪ್ರೊಫೆಸರ ಕೋಣೆಯಿಂದ ಆಚೆ ಬಂದು, ಮೆಟ್ಟಿಲ ಮೇಲೆ ಕೂತಾಗ.

ಬೈಂಡರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮನುಷ್ಯ ಯಾಕೆ ಇಷ್ಟು ಸಂಕಟಪಟ್ಟ ಅಂತ ನಿಮಗೆ ಗೊತ್ತಾಗಲ್ಲ. ಎರಡು ಹಿಡಿ ಹಿಡಿದು ಹಿಂದೆ ನಡೆದುಕೊಂಡು ಹೋಗುವ ಪುಟ್ಟ ಯಂತ್ರ ಅದು. ಮುಂದೆ ಭತ್ತ ಕೊಯ್ಯುತ್ತೆ, ಒಳಗೆ ಒಟ್ಟುಮಾಡುತ್ತೆ, ಸೆಣಬಿನ ಹುರಿ ಸುತ್ತಿ ಗಂಟು ಹಾಕಿ, ಸಿವುಡು ಸಿವುಡಾಗಿ ಪಕ್ಕಕ್ಕೆ ಒಗೆಯುತ್ತೆ. ಬಯಲಿನ ದೊಡ್ಡ ಗದ್ದೆಗಳಲ್ಲಿ ಈಗ ಅದು ಯಾರಿಗೂ ಬೇಡ. ಕೊಯ್ದು, ಬಡಿದು, ಕಾಳನ್ನು ಚೀಲಕ್ಕೇ ಸುರಿಯುವ ಭಾರಿ ಯಂತ್ರಗಳಿವೆ. ಆದರೆ ಬೆಟ್ಟದ ಸಂದಿಯಲ್ಲಿ ಚಾಪೆಯಷ್ಟಗಲ ಗದ್ದೆ ಇಟ್ಟುಕೊಂಡು, ಸಿವುಡುಗಳನ್ನು ಬಿದಿರ ಗಳುಗಳ ಮೇಲೆ ತಲೆಕೆಳಗಾಗಿ ನೇತುಹಾಕಿ ಬಿಸಿಲಲ್ಲಿ ಒಣಗಿಸಿದ ಅಕ್ಕಿಯೇ ಅಕ್ಕಿ ಅನ್ನುವ ಮುದುಕರಿಗೆ ಬೈಂಡರ್ ಬಿಟ್ಟರೆ ಗತಿಯಿಲ್ಲ. ಅದೂ ಹೋದರೆ ಕುಡುಗೋಲು. ಎಂಬತ್ತರ ಸೊಂಟಕ್ಕೆ ಕುಡುಗೋಲು ಹಿಡಿಯೋದು ಆಗುವ ಮಾತಾ?

ಇಂಥ ಯಂತ್ರಗಳು ಮೊದಮೊದಲು ತಂತಿಯಲ್ಲಿ ಕಟ್ಟುತ್ತಿದ್ದವಂತೆ. ತಂತಿಯ ಚೂರು ಹುಲ್ಲಿನ ಜೊತೆ ದನಗಳ ಹೊಟ್ಟೆ ಸೇರಿ, ರೈತರು ಬಾಯಿಗೆ ಬಂದಂತೆ ಬೈದರಂತೆ. ಆಮೇಲೆ ಕಬ್ಬಿಣದಲ್ಲಿ ಹಕ್ಕಿ ಕೊಕ್ಕಿನಂಥದ್ದೊಂದು ಬಂತು. ಅದು ಗರ್ರಂತ ತಿರುಗಿ, ಬಾಯಿ ತೆರೆದು, ಹುರಿಯ ತುದಿಗಳನ್ನು ಕಚ್ಚಿಕೊಂಡು ಗಂಟು ಹಾಕುತ್ತೆ. ಯಾವ ಪುಣ್ಯಾತ್ಮ ಮಾಡಿದನೋ, ನೂರೈವತ್ತು ವರ್ಷದಿಂದ ಆ ಕೊಕ್ಕು ಹೆಚ್ಚುಕಡಿಮೆ ಹಾಗೇ ಇದೆ. ಅದಕ್ಕೊಂದೇ ರೋಗ, ಆಗಾಗ ಹುರಿ ಸಿಕ್ಕಿಕೊಳ್ಳುತ್ತೆ. ಆಗ ಯಂತ್ರ ನಿಲ್ಲಿಸಿ, ಬಗ್ಗಿ, ಕೈ ತೂರಿಸಿ ಬಿಡಿಸಬೇಕು. ಬಗ್ಗಿ ಬಗ್ಗಿಯೇ ಎಷ್ಟೋ ಮುದುಕರು ಬೇಸಾಯ ಬಿಟ್ಟಿದ್ದರು.

ಮೈಸೂರಿನ ನಮ್ಮ ದ್ವಾರಕಾನಾಥ ಕೈಹಾಕಿದ್ದು ಆ ಕೊಕ್ಕಿಗೆ. ತೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು, ಅಲ್ಲಿನ ನಿಶಿ ಕಸಾಯಿ ಬಡಾವಣೆಯ ಮನೆ ಬಿಟ್ಟು, ಹೆಂಡತಿ ಸ್ಫೂರ್ತಿಯನ್ನೂ ಒಪ್ಪಿಸಿ, ಡಾಕ್ಟರೇಟ್ ಮಾಡ್ತೀನಿ ಅಂತ ಸೆಂಡಾಯ್‌ಗೆ ಬಂದ. ಊಟ ಮಾಡುವಾಗಲೂ ಹಾಳೆಯ ಮೇಲೆ ಕೊಕ್ಕು ಬರೆಯುತ್ತಿದ್ದವನಿಗೆ ಅವಳು, "ನೀನು ನನ್ನ ಬದಲು ಅದನ್ನೇ ಕಟ್ಕೋಬೇಕಿತ್ತು ಕಣೋ" ಅಂತ ಛೇಡಿಸುತ್ತಿದ್ದಳು. ಕೊನೆಗೂ ಹುರಿ ಸಿಕ್ಕಿಕೊಳ್ಳದ ಹೊಸ ಕೊಕ್ಕು ತಯಾರಾಯಿತು. ಬೈಂಡರ್ ಮಾಡೋದನ್ನೇ ನಿಲ್ಲಿಸಬೇಕು ಅಂತಿದ್ದ ಕಂಪನಿಯವರು ಒಂದು ಮಾತು ಕೊಟ್ಟರು. ಒಂದು ಸುಗ್ಗಿ ಪೂರ್ತಿ ಈ ಕೊಕ್ಕು ಕೈಕೊಡದೆ ಗಂಟು ಹಾಕಲಿ, ಆಮೇಲೆ ಮುಚ್ಚುವ ಮಾತೇ ಎತ್ತಲ್ಲ.

ಪರೀಕ್ಷೆಗೆ ಗದ್ದೆ ಕೊಟ್ಟವರು ಒನೋದೆರಾ ಸಾನ್ ಅನ್ನುವ ಮುದುಕ ರೈತರು; ಸಾನ್ ಅಂದರೆ ಹೆಸರಿನ ಮುಂದೆ ನಾವು 'ಅವರು' ಸೇರಿಸಿದ ಹಾಗೆ. ಸೆಂಡಾಯ್‌ನಿಂದ ರೈಲು, ಆಮೇಲೆ ಬಸ್ಸು, ಬೆಟ್ಟದ ಬುಡದ ಹಳ್ಳಿ. ದ್ವಾರಕಾನಾಥ ಅನ್ನೋಕೆ ನಾಲಗೆ ಹೊರಳದೆ ಅವರು ಇವನನ್ನು ದ್ವಾರಾ ಸಾನ್ ಅಂತಿದ್ದರು. ಹೋದ ವರ್ಷದ ಸುಗ್ಗಿಯಲ್ಲಿ ಇವನು ಪ್ರತಿಸಲವೂ ಹಿಂದಿನ ದಿನವೇ ಫೋನ್ ಮಾಡಿ, ಇಷ್ಟು ಹೊತ್ತಿಗೆ ಬರ್ತೀನಿ ಅಂತ ತಿಳಿಸಿಯೇ ಹೋಗುತ್ತಿದ್ದ. ಇಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಹೋಗೋ ಹಾಗಿಲ್ಲವಲ್ಲ. ಬಸ್ಸಿಳಿದು ಹೋಗುವಷ್ಟರಲ್ಲಿ ಬೆಳಗಿನ ಕೊಯ್ಲು ಮುಗಿದಿರುತ್ತಿತ್ತು. ಪಾಪ, ಅತಿಥಿಯನ್ನು ಕಾಯಿಸಬಾರದು ಅಂತ ಬೇಗ ಶುರುಮಾಡಿದ್ದಾರೆ ಅಂದುಕೊಳ್ಳುತ್ತಿದ್ದ. ಒನೋದೆರಾ ಸಾನ್ ಹೆಂಡತಿ ಫುಮಿ ಸಾನ್ ಜಗಲಿಯ ಮೇಲೆ ಕೂರಿಸಿ ಟೀ, ಉಪ್ಪಿನಕಾಯಿ, ಬೇಯಿಸಿದ ಚೆಸ್ಟ್‌ನಟ್ ಮುಂದಿಡುತ್ತಿದ್ದರು. ಮುಂದಿಟ್ಟಿದ್ದನ್ನು ಬೇಡ ಅನ್ನಬಾರದು ಅಂತ ಬೆಳೆದ ಹುಡುಗ, ತಟ್ಟೆ ಖಾಲಿಮಾಡಿ, ಆಮೇಲೆ ಗಳುಗಳ ಹತ್ತಿರ ಹೋಗಿ ಸಿವುಡು ನೋಡುತ್ತಿದ್ದ. ಒಂದೂ ಸಡಿಲವಿಲ್ಲ. ಗಂಟುಗಳೆಲ್ಲ ಒಳಮುಖವಾಗಿ, ಸಾಲಾಗಿ. ಎಂಥ ಶಿಸ್ತಪ್ಪಾ ಇವರದು ಅಂತ ಫೋಟೋ ಬೇರೆ ತೆಗೆದ. ಒಂದು ಸಿವುಡನ್ನು ಈಚೆಗೆ ತಿರುಗಿಸಿ ಗಂಟು ನೋಡಬೇಕಿತ್ತು. ಆದರೆ ಮನೆಯವರು ಅಷ್ಟು ಓರಣವಾಗಿ ಜೋಡಿಸಿದ್ದನ್ನು ಕೆದಕೋದು ಹೇಗೆ? ಅನುಮಾನಪಟ್ಟ ಹಾಗಾಗುವುದಿಲ್ಲವೆ? ಮಧ್ಯಾಹ್ನ ಇವನೇ ಯಂತ್ರದ ಹಿಂದೆ ನಡೆದು ನೋಡುತ್ತಿದ್ದ. ಬಿಸಿಲಿಗೆ ಗದ್ದೆ ಆರಿರುತ್ತಿತ್ತು, ಗಂಟುಗಳು ಕಲ್ಲಿನ ಹಾಗೆ ಬೀಳುತ್ತಿದ್ದವು.

ಕೈಕೊಟ್ಟ ಗಂಟು ಒಂದೂ ಇಲ್ಲ ಅಂತ ವರದಿ ಹೋಯಿತು. ಕಂಪನಿ ಮಾತಿನಂತೆ ನಡೆಯಿತು. ಈ ಸುಗ್ಗಿಗೆ ಹೊಸ ಕೊಕ್ಕಿನ ಯಂತ್ರಗಳು ಬೆಟ್ಟದ ಹಳ್ಳಿಗಳಿಗೆಲ್ಲ ಹೋದವು.

ಹೋದವು, ಮರ್ಯಾದೆಯೂ ಹೋಯಿತು. ಯಾರ ಗದ್ದೆಯಲ್ಲಿ ನೋಡಿದರೂ ಬೆಳಗಿನ ಹೊತ್ತು ಸಿವುಡುಗಳು ಬಿಚ್ಚಿಕೊಂಡು ಬಿದ್ದವು. ಕೆಸರಲ್ಲಿ ಚೆಲ್ಲಾಡಿದ ತೆನೆ ಆಯ್ದುಕೊಳ್ಳುತ್ತಿದ್ದ ಮುದುಕಿಯೊಬ್ಬಳ ಫೋಟೋ ಕಂಪನಿಗೆ ಬಂತು. ಯಂತ್ರಗಳನ್ನೆಲ್ಲ ವಾಪಸ್ ತರಿಸಿಕೊಂಡರು, ಬೈಂಡರ್ ಸಹವಾಸವೇ ಸಾಕು ಅಂತ ಬಾಗಿಲು ಹಾಕಿದರು. ಒನೋದೆರಾ ಸಾನ್ ಹತ್ತಿರ ಇದ್ದದ್ದು ವಿಶ್ವವಿದ್ಯಾಲಯದ ಪರೀಕ್ಷೆಯ ಯಂತ್ರವಾದ್ದರಿಂದ ಅದೊಂದು ಮಾತ್ರ ಅಲ್ಲೇ ಉಳಿಯಿತು. ಅವರಿಂದ ಒಂದು ದೂರೂ ಇರಲಿಲ್ಲ.

ಅಲ್ಲಿ ಮಾತ್ರ ಯಾಕೆ ಸರಿಯಾಗಿ ನಡೆಯುತ್ತೆ? ಈ ಒಂದು ಪ್ರಶ್ನೆ ದ್ವಾರಕಾನಾಥನ ತಲೆ ತಿನ್ನತೊಡಗಿತು. ಸೆನ್ಸೆಯ್ ಸುದ್ದಿ ಹೇಳಿದ ಮಾರನೆಯ ದಿನ ಬೆಳಕು ಹರಿಯುತ್ತಲೇ ಎದ್ದವನು ಸ್ಫೂರ್ತಿಯ ಕಾರು ತಗೊಂಡು ಹೊರಟ. ಫೋನ್ ಮಾಡಲಿಲ್ಲ. ನಮ್ಮೂರಲ್ಲಿ ಕಷ್ಟ ಬಂದಾಗ ನೆಂಟರ ಮನೆಗೆ ನುಗ್ಗುತ್ತೇವಲ್ಲ, ಹಾಗೆ ಹೊರಟುಬಿಟ್ಟ.

ಕಣಿವೆಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಗದ್ದೆಯಲ್ಲಿ ಬೈಂಡರಿನ ಸದ್ದು ಕೇಳುತ್ತಿತ್ತು. ಬದುವಿನ ಮೇಲೆ ನಿಂತು ನೋಡಿದ. ಒನೋದೆರಾ ಸಾನ್ ಯಂತ್ರ ನಡೆಸುತ್ತಿದ್ದಾರೆ. ಹಿಂದೆ ಫುಮಿ ಸಾನ್, ಮಂಡಿಯವರೆಗೆ ರಬ್ಬರ್ ಬೂಟು, ಸೊಂಟ ಮಡಿಚಿಕೊಂಡು, ಬಿದ್ದ ಸಿವುಡುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಿಹೋದ ಹುರಿಯನ್ನು ಎಳೆದು ಕೈಯಲ್ಲೇ ಗಂಟು ಹಾಕುತ್ತಿದ್ದಾರೆ. ಹಾಕಿದ ಕೈಗಂಟು ಕಾಣದ ಹಾಗೆ ಒಳಮುಖವಾಗಿ ತಿರುಗಿಸಿ ಇಡುತ್ತಿದ್ದಾರೆ.

ಅಯ್ಯೋ ದೇವರೇ. ಹೋದ ವರ್ಷ ಪೂರ್ತಿ ಇದೇ.

ಅವನನ್ನು ಕಂಡು ಇಬ್ಬರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತುಬಿಟ್ಟರು. ಯಂತ್ರ ಆರಿಸಿ, ಟೋಪಿ ತೆಗೆದು, ಒನೋದೆರಾ ಸಾನ್ ಕ್ಷಮೆ ಕೇಳುತ್ತಾ ಓಡಿಬಂದರು.

"ದ್ವಾರಾ ಸಾನ್, ಸುಮಿಮಾಸೆನ್, ಸುಮಿಮಾಸೆನ್! ತಿಳಿಸಿದ್ದರೆ ನಾವು ಬೇಗ ಮುಗಿಸಿಬಿಡ್ತಿದ್ವಿ."

"ಇದು... ಹೋದ ವರ್ಷಾನೂ ಹೀಗೇನಾ?"

ಮುದುಕರು ಹೆಂಡತಿಯ ಮುಖ ನೋಡಿದರು. ಫುಮಿ ಸಾನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದರು. "ಬೆಳಿಗ್ಗೆ ಹೊತ್ತು ಸ್ವಲ್ಪ ಸಡಿಲ ಆಗ್ತಿತ್ತು. ಅದೇನು ದೊಡ್ಡ ವಿಷಯ ಅಲ್ಲ. ನೀವು ಅಷ್ಟು ದೂರದ ದೇಶದಿಂದ ನಮಗೋಸ್ಕರ ಬಂದು ಇಷ್ಟು ಕಷ್ಟಪಟ್ಟಿದ್ದೀರಿ. ಬಿಚ್ಚಿದ ಸಿವುಡು ನೋಡಿದರೆ ನಿಮ್ಮ ಮುಖ ಹೇಗಾಗುತ್ತೋ ಅಂತ..."

ದ್ವಾರಕಾನಾಥನಿಗೆ ಆ ಕ್ಷಣ ಬಂದ ಸಿಟ್ಟು ಎಂಥದ್ದು ಅಂತೀರಿ! ಮುದುಕರ ಭುಜ ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸಿತು. "ನಿಮ್ಮ ಉಪಚಾರಕ್ಕಿಷ್ಟು ಬೆಂಕಿ ಹಾಕ!" ಅಂತ ಕನ್ನಡದಲ್ಲಿ ಕೂಗಿ ಕಾಲಲ್ಲಿ ಕೆಸರು ಒದ್ದ. ಯಂತ್ರವನ್ನು ಬೈದ ಅಂದುಕೊಂಡು ಅವರಿಬ್ಬರೂ ಹೌದೌದು ಅಂತ ತಲೆಯಾಡಿಸಿದರು. ಅದನ್ನು ನೋಡಿ ಅವನ ಸಿಟ್ಟಿನ ಗಾಳಿಯೇ ಇಳಿದುಹೋಯಿತು. ಇವರು ತಟ್ಟೆ ತುಂಬ ಇಟ್ಟರು, ನಾನು ತಿಂದೆ, ಯಾರನ್ನು ಬೈಯಲಿ?

ಯಂತ್ರ ಮತ್ತೆ ಶುರುಮಾಡಿಸಿ, ಈ ಸಲ ಕೊಕ್ಕಿನ ಪಕ್ಕದಲ್ಲೇ ಕೂತು ನೋಡಿದ. ಮಂಜಿಗೆ ನೆಂದ ಹುರಿ ಉಬ್ಬಿತ್ತು. ಉಬ್ಬಿದ ಹುರಿಯನ್ನು ಕಚ್ಚಿಕೊಂಡಾಗ ಕೊಕ್ಕಿನ ನಾಲಗೆ ಪೂರ್ತಿ ಮುಚ್ಚುತ್ತಿರಲಿಲ್ಲ. ಗಂಟು ಬಿಗಿಯುವ ಮುಂಚೆಯೇ ಹುರಿಯ ತುದಿ ಜಾರಿ ಈಚೆ ಬರುತ್ತಿತ್ತು. ಅಷ್ಟೇ. ಕೂದಲೆಳೆಯಷ್ಟು ಜಾಗ ಸಾಲದು. ಒನೋದೆರಾ ಸಾನ್ ಕೊಟ್ಟಿಗೆಯಿಂದ ಅರ ತಂದುಕೊಟ್ಟರು. ಕೊಕ್ಕು ಬಿಚ್ಚಿ, ನಾಲಗೆಯ ಅಡಿಯನ್ನು ಚೂರೇ ಚೂರು ಉಜ್ಜಿ ಗುಳಿ ಮಾಡಿ ಮತ್ತೆ ಕೂರಿಸಿದ. ಒಂದು ಸಾಲು ಕೊಯ್ದರು. ಬಿದ್ದ ಒಂದೊಂದು ಸಿವುಡನ್ನೂ ಅವನೇ ಎತ್ತಿ, ಝಾಡಿಸಿ, ಎಳೆದಾಡಿದ. ಒಂದೂ ಬಿಚ್ಚಲಿಲ್ಲ. ಹುರಿಯನ್ನು ಬಕೆಟ್ ನೀರಲ್ಲೇ ಅದ್ದಿ ಇನ್ನೊಂದು ಸಾಲು ಕೊಯ್ಸಿದ. ಆಗಲೂ ಬಿಚ್ಚಲಿಲ್ಲ.

ಗದ್ದೆಯಲ್ಲೇ ನಿಂತು ಸೆನ್ಸೆಯ್‌ಗೆ ಫೋನ್ ಹಚ್ಚಿದ. "ಸೆನ್ಸೆಯ್, ತಪ್ಪು ಸಿಕ್ತು! ಏನೂ ಅಲ್ಲ, ಅರದಲ್ಲಿ ಸ್ವಲ್ಪ ಉಜ್ಜಿದರೆ ಆಯ್ತು. ಕಂಪನಿಯವರಿಗೆ ಹೇಳಿ. ವಾಪಸ್ ಬಂದ ಯಂತ್ರಗಳನ್ನೆಲ್ಲ ನಾನೇ ಕೂತು ಸರಿಮಾಡಿಕೊಡ್ತೀನಿ."

ಸೆನ್ಸೆಯ್ ಮೆಲ್ಲಗೆ ಹೇಳಿದರು. "ಯಂತ್ರಗಳು ಗುಜರಿಗೆ ಹೋಗಿವೆ. ಅಚ್ಚುಗಳನ್ನೂ ಕರಗಿಸೋಕೆ ಕಳಿಸಿದ್ದಾರೆ. ಆ ವಿಭಾಗದವರನ್ನೆಲ್ಲ ಬೇರೆ ಬೇರೆ ಕಡೆ ಹಾಕಿದ್ದಾರೆ." ಆಮೇಲೆ ಕೇಳಿದರು. "ಇಷ್ಟು ಚಿಕ್ಕ ದೋಷ ಹೋದ ವರ್ಷ ಯಾಕೆ ಕಾಣಲಿಲ್ಲ?"

ದ್ವಾರಕಾನಾಥ ತಿರುಗಿ ನೋಡಿದ. ಫುಮಿ ಸಾನ್ ಸಿವುಡೊಂದನ್ನು ಮಗುವಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು.

"ನನ್ನ ಅಜಾಗ್ರತೆ, ಸೆನ್ಸೆಯ್. ನಾನು ಸರಿಯಾಗಿ ನೋಡಲಿಲ್ಲ."

"ಹಾಗಾದರೆ ಡಾಕ್ಟರೇಟ್ ಪ್ರಬಂಧ ವಾಪಸ್ ತಗೋಬೇಕಾಗುತ್ತೆ," ಅಂದರು ಸೆನ್ಸೆಯ್. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫೋನ್ ಜೇಬಿಗೆ ಹಾಕಿಕೊಂಡು ಕೊಟ್ಟಿಗೆಯ ಹಿಂದೆ ಹೋದವನು ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟ. ಐದು ವರ್ಷ ಮಣ್ಣುಪಾಲಾಯಿತು ಅಂತ ಅತ್ತನೋ, ಕೊಕ್ಕು ಕೊನೆಗೂ ಸರಿಹೋಯಿತಲ್ಲ ಅಂತ ಅತ್ತನೋ, ಅವನಿಗೇ ಗೊತ್ತಿಲ್ಲ. ಜಗತ್ತಿನಲ್ಲಿ ಆ ಕೊಕ್ಕು ಈಗ ಒಂದೇ ಒಂದು. ಇನ್ನೊಂದು ಹುಟ್ಟುವುದಿಲ್ಲ. ಗಂಟು ಬಿಚ್ಚುತ್ತೆ ಅನ್ನುವ ಮಾತನ್ನು ಹೋದ ಸುಗ್ಗಿಯಲ್ಲಿ, ಮೊದಲ ದಿನ, ಮೊದಲ ಸಿವುಡು ಬಿಚ್ಚಿದಾಗ ಯಾರಾದರೂ ಹೇಳಿದ್ದರೆ! ಸರಿಮಾಡೋಕೆ ಚಳಿಗಾಲ ಪೂರ್ತಿ ಕೈಯಲ್ಲಿತ್ತು.

ಮುಖ ತೊಳೆದುಕೊಂಡು ಬಂದಾಗ ಅವರಿಬ್ಬರೂ ಬದುವಿನ ಮೇಲೆ ಕಾಯುತ್ತಿದ್ದರು. ಒನೋದೆರಾ ಸಾನ್ ಮುಖ ಅರಳಿತ್ತು. "ಪಕ್ಕದ ಕಣಿವೆಯಲ್ಲಿ ನನ್ನ ತಮ್ಮನೂ ಈ ಯಂತ್ರ ಬೇಕು ಅಂತಿದ್ದಾನೆ. ಈಗಂತೂ ಇಷ್ಟು ಚೆನ್ನಾಗಿ ಕಟ್ಟುತ್ತೆ. ಮುಂದಿನ ವರ್ಷ ಅಂಗಡಿಗೆ ಬರುತ್ತಲ್ಲ?"

ಇದನ್ನು ಮುಚ್ಚಿಡೋಕಾಗಲ್ಲ. ತಮ್ಮ ಕಾಯುತ್ತಾ ಕೂರುತ್ತಾನೆ. "ಬರಲ್ಲ ಒನೋದೆರಾ ಸಾನ್," ಅಂದ. "ಕಂಪನಿಯವರು ಬೈಂಡರ್ ಮಾಡೋದನ್ನೇ ನಿಲ್ಲಿಸಿದರು. ಬೇರೆಯವರ ಗದ್ದೆಗಳಲ್ಲೆಲ್ಲ ಗಂಟು ಬಿಚ್ಚಿಹೋಯಿತು."

ಫುಮಿ ಸಾನ್ ಕಂಕುಳಿನ ಸಿವುಡು ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. "ಹೋದ ವರ್ಷವೇ ನಾವು ಹೇಳಿದ್ದರೆ... ಹೀಗಾಗ್ತಿರಲಿಲ್ಲವಾ?"

ಹೌದು ಅನ್ನಬಹುದಿತ್ತು. ಅದು ನಿಜ. ಎಂಬತ್ತರ ಗಡಿಯಲ್ಲಿದ್ದ ಆ ಹೆಂಗಸು, ತನ್ನ ಕೈಯಾರೆ ಹಾಕಿದ ಗಂಟುಗಳಿಂದಲೇ ಊರೂರಿನ ಮುದುಕರ ಕೈಗೆ ಮತ್ತೆ ಕುಡುಗೋಲು ಬಂತು ಅಂತ ಉಳಿದ ಆಯುಸ್ಸೆಲ್ಲ ಕೊರಗುತ್ತಾ ಕೂರಬಹುದಿತ್ತು. ದ್ವಾರಕಾನಾಥ ನಗು ತಂದುಕೊಂಡ.

"ಛೆ ಛೆ, ಇಲ್ಲ ಫುಮಿ ಸಾನ್. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಂಪನಿಯವರು ಮೊದಲೇ ತೀರ್ಮಾನ ಮಾಡಿದ್ದರು. ನೀವು ಹೇಳಿದ್ದರೂ ಇಷ್ಟೇ ಆಗ್ತಿತ್ತು."

ಫುಮಿ ಸಾನ್ ಎದೆಯ ಮೇಲೆ ಕೈಯಿಟ್ಟುಕೊಂಡು ದೊಡ್ಡ ಉಸಿರು ಬಿಟ್ಟರು. ಟೀ ಇಡ್ತೀನಿ, ಒಳಗೆ ಬನ್ನಿ ಅಂತ ಮನೆಯ ಕಡೆ ಹೊರಟರು.

ಒನೋದೆರಾ ಸಾನ್ ಹೋಗಲಿಲ್ಲ. ಎದುರಿಗಿದ್ದವರ ಮನಸ್ಸು ನೋಯಬಾರದು ಅಂತ ಜೀವಮಾನವಿಡೀ ಸುಳ್ಳು ಹೇಳಿಕೊಂಡು ಬಂದ ಮನುಷ್ಯ, ಅಂಥದ್ದೊಂದು ಮಾತು ತನ್ನ ಕಡೆಗೇ ಬಂದಾಗ ಗುರುತಿಸದೆ ಇರುತ್ತಾರಾ? ದ್ವಾರಕಾನಾಥನ ಮುಖವನ್ನೇ ನೋಡಿದರು. ಕಣ್ಣು ತುಂಬಿಕೊಂಡವು. ಆಮೇಲೆ ಮೆಲ್ಲಗೆ ಮಂಡಿಯೂರಿ, ಕೆಸರಿಗೆ ಎರಡೂ ಅಂಗೈ ಊರಿ, ಹಣೆ ನೆಲಕ್ಕೆ ತಾಗುವಂತೆ ಬಗ್ಗಿದರು.

"ಏಳಿ ಒನೋದೆರಾ ಸಾನ್, ದಯವಿಟ್ಟು ಏಳಿ," ಅಂತ ದ್ವಾರಕಾನಾಥ ತೋಳು ಹಿಡಿದು ಎಳೆದ. ಅವರು ಏಳಲಿಲ್ಲ.