ಐದು ಶಬ್ದಗಳ ಪಾಠ

ನನಗೆ ಮರೆವು ಹಿಡಿದಿದೆ ಎಂದು ತೀರ್ಪು ಕೊಟ್ಟವಳು ನನ್ನ ಹೆಂಡತಿ ದ್ರಾಕ್ಷಾಯಣಿ. ಅವಳ ತೀರ್ಪಿಗೆ ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಅಪೀಲಿಲ್ಲ. "ರಾಜೂರಿಗೆ ಲಗ್ನಕ್ಕ ಹೋಗೂದೈತಿ ಅಂತ ನಿನ್ನೆನ ಹೇಳಿದ್ನೆಲ್ರಿ, ಮರ್ತ್ರಿ?" ಎನ್ನುವಳು. ಕೇಳಿದ ನೆನಪೇ ನನಗಿರುತ್ತಿರಲಿಲ್ಲ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರಲ್ಲ, ನನಗೆ ಅರವತ್ನಾಲ್ಕು. ಒಪ್ಪಿಕೊಂಡೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ವಿಜಯಲಕ್ಷ್ಮಿ ಮನೆಮನೆಗೆ ಬಂದು ಅರವತ್ತು ತುಂಬಿದವರ ನೆನಪಿನ ಪರೀಕ್ಷೆ ಮಾಡತೊಡಗಿದಳು. ಐದು ಶಬ್ದ ಹೇಳುವುದು, ಐದು ನಿಮಿಷ ಬೇರೇನೋ ಮಾಡಿಸಿ ತಿರುಗಿ ಕೇಳುವುದು. ಮುಂದೆ ಯಾರಿಗೆ ಮರೆವಿನ ರೋಗ ಬರಬಹುದೆಂಬ ಸುಳಿವು ಅದರಿಂದ ಸಿಗುತ್ತದಂತೆ. ಓಣಿಯ ಜಾಣರು ಅದನ್ನೂ ಶಾಲೆಯ ಪರೀಕ್ಷೆ ಎಂದುಕೊಂಡರು. ಎಲ್ಲ ಮನೆಗೂ ಅವೇ ಶಬ್ದ ಎಂದು ಗೊತ್ತಾದದ್ದೇ ತಡ, ಪಕ್ಕದ ಮನೆಯ ಚನ್ನವ್ವ ನಮಗೂ ದಾಟಿಸಿದಳು: ಎಮ್ಮೆ, ಕನ್ನಡಿ, ಬೇವು, ಚಾವಿ, ಕೆಂಪು.

ದ್ರಾಕ್ಷಾಯಣಿ ಅವನ್ನು ಮಗ್ಗದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ನಾನು ನೇಯುತ್ತ ಒಪ್ಪಿಸಬೇಕು, ಅವಳು ಗೋಡೆ ನೋಡಿ ತಿದ್ದಬೇಕು. ಮೂರು ದಿನ ಇದೇ ನಡೆಯಿತು. "ಮಂದ್ಯಾಗ ಮರ್ಯಾದಿ ಕಳೀಬ್ಯಾಡ್ರಿ" ಎಂದು ಗದರುವಳು. ನನ್ನ ಅಂಜಿಕೆ ಬೇರೆಯಿತ್ತು. ಮುಂದೊಂದು ದಿನ ಇವಳ ಮುಖವೇ ಗುರುತು ಸಿಗದಿದ್ದರೆ?

ಪರೀಕ್ಷೆಯ ದಿನ ಮುಂಜಾನೆ ಗೋಡೆ ಒರೆಸಿದಳು. ನಾನು ಐದನ್ನೂ ಹೇಳಿದೆ. ವಿಜಯಲಕ್ಷ್ಮಿ ಬರೆದುಕೊಂಡು, "ಕಾಕೂ, ಈಗ ನೀವು ಬರ್ರಿ" ಎಂದಳು. ದ್ರಾಕ್ಷಾಯಣಿಗೂ ಅರವತ್ತು ತುಂಬಿತ್ತು. ಮೇಷ್ಟ್ರಿಗೇ ಪರೀಕ್ಷೆಯೇ ಎಂಬಂತೆ ನನ್ನ ಕಡೆ ನೋಡಿ ನಗುತ್ತ ಕುಳಿತಳು.

ಅವೇ ಐದು ಶಬ್ದಗಳನ್ನು ಕೇಳಿಸಿಕೊಂಡಳು, ಗಡಿಯಾರದ ಚಿತ್ರ ಬರೆದಳು. ಐದು ನಿಮಿಷವಾಯಿತು.

"ಎಮ್ಮಿ" ಎಂದಳು. ಮುಂದೆ ಬರಲಿಲ್ಲ. ಒರೆಸಿದ ಗೋಡೆಯನ್ನು ನೋಡಿದಳು, ಆಮೇಲೆ ನನ್ನನ್ನು. ಹೇಳಿಕೊಡಲು ಬಾಯಿ ತೆರೆದೆ. ವಿಜಯಲಕ್ಷ್ಮಿ ಬೇಡವೆಂದು ಕೈ ಮಾಡಿದಳು.

"ರೋಗ ಐತಿ ಅಂತಲ್ರಿ ಮುತ್ತಪ್ಪ ಕಾಕಾ. ಮುಂದ ಬರಬಹುದು ಅಂತ. ಗದಗಿನ ದವಾಖಾನ್ಯಾಗ ಲಗೂ ತೋರಸ್ರಿ."

ವಿಜಯಲಕ್ಷ್ಮಿ ಹೋದ ಮೇಲೆ ನನಗೆ ಹೊಳೆಯಿತು. 'ನಿನ್ನೆನ ಹೇಳಿದ್ನೆಲ್ರಿ' ಎಂದ ಎಷ್ಟೋ ಮಾತನ್ನು ದ್ರಾಕ್ಷಾಯಣಿ ನನಗೆ ಹೇಳಿಯೇ ಇರಲಿಲ್ಲ. ವರ್ಷದಿಂದ ಅವಳ ಮರೆವನ್ನು ನನ್ನದೆಂದು ಹೊತ್ತುಕೊಂಡು ಸುಮ್ಮನೆ ಕುಳಿತಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅವಳು ಬಂದು ಎದುರಿಗೆ ಕುಳಿತಳು. "ಈಗ ನೀವು ನನಗ ಕಲಸ್ರಿ."

ಸಂಜೆಯತನಕ ಕಲಿಸಿದೆ. ಹೇಳಿದ ಕೂಡಲೇ ಒಪ್ಪಿಸುವಳು. ಚಹಾ ಕುಡಿದು ಕೇಳಿದರೆ ಒಂದೋ ಎರಡೋ ಉಳಿದಿರುತ್ತಿದ್ದವು. ಕಡೆಗೆ ಸಿಟ್ಟಿಗೆದ್ದಳು. "ಮತ್ತ ನೀವು ಹ್ಯಾಂಗ ಕಲ್ತ್ರಿ?"

ನನಗೆ ಅಳು ಬಂತು.

"ನೀ ಭಾಳ ಚಲೋ ಕಲಿಸಿದ್ದಿ" ಎಂದೆ.