ಅಪ್ಪನ ಟ್ರಾನ್ಸ್‌ಫಾರ್ಮರ್

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ನಮ್ಮ ಸಬ್‌ಸ್ಟೇಷನ್ನಿಗೆ ಎಚ್ಚರಿಕೆ ಬಂತು. ಸೂರ್ಯನಿಂದ ಎದ್ದ ಬಿರುಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದೆ, ಉದ್ದದ ಲೈನುಗಳಲ್ಲಿ ಬೇಡದ ಕರೆಂಟು ನುಸುಳಬಹುದು ಎಂದು. ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಓಡಿದೆ. ದಿನವೂ ಹಿತವಾಗಿ ಗುಂಯ್‌ಗುಡುವ ಹಳೆಯ ಟ್ರಾನ್ಸ್‌ಫಾರ್ಮರ್, ಹಲ್ಲು ಕಡಿಯುವಂತೆ ಗುರುಗುಡುತ್ತಿತ್ತು.

ಮೊದಲು ನಿಯಮದಂತೆ ಅದರ ಲೋಡನ್ನು ಅರ್ಧಕ್ಕೆ ಇಳಿಸಿದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ.

ಮೂವತ್ತು ವರ್ಷ ಅದನ್ನು ನೋಡಿಕೊಂಡವನು ಅಪ್ಪ. ನಿವೃತ್ತನಾದ ಮೇಲೆ ಯಾರೂ ತನ್ನನ್ನು ಏನೂ ಕೇಳುವುದಿಲ್ಲವೆಂಬ ಸಿಟ್ಟು ಅವನಿಗೆ. ಅಮ್ಮನ ಮಿಕ್ಸಿಯ ಸದ್ದಿಗೂ ತಗಾದೆ ತೆಗೆಯುತ್ತಾನೆ.

“ಅಪ್ಪಾ, ಟ್ರಾನ್ಸ್‌ಫಾರ್ಮರ್ ಗುರುಗುಡ್ತಿದೆ. ನಂಗೆ ಕೈಕಾಲೇ ಆಡ್ತಿಲ್ಲ. ಏನ್ಮಾಡ್ಲಿ?”

“ಬಾಯಿ ಮುಚ್ಕೊಂಡು ಫೋನನ್ನ ಅದರ ಬೇಲಿ ಹತ್ರ ಹಿಡಿ,” ಎಂದು ರೇಗಿದ.

ಕೈ ಸೋಲುವವರೆಗೂ ಹಿಡಿದೆ. ಬಿರುಗಾಳಿ ತಗ್ಗಿತೇನೋ, ಗುರುಗುಡುವುದು ಮೆಲ್ಲಗೆ ಇಳಿದು ಹಳೆಯ ಗುಂಯ್‌ಕಾರ ಮರಳಿತು. ಫೋನನ್ನು ಕಿವಿಗಿಟ್ಟುಕೊಂಡರೆ ಅಪ್ಪ ಮೂಗೆಳೆದುಕೊಳ್ಳುತ್ತಿದ್ದ.

“ಲೋಡ್ ಇಳಿಸ್ಬೇಕಾ ಅಪ್ಪಾ?” ಎಂದೆ.

“ಆಗ್ಲೇ ಇಳಿಸಿದ್ದೀಯಲ್ಲೇ, ಕಳ್ಳಿ. ಅದರ ದನಿ ಕೇಳಿದ್ರೆ ನಂಗೆ ಗೊತ್ತಾಗಲ್ವಾ?”

ಸಿಕ್ಕಿಬಿದ್ದೆನೆಂದು ಫೋನ್ ಇಡಲು ಹೊರಟೆ.

“ಫೋನ್ ಇಡಬೇಡ, ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಹಿಡಿ,” ಎಂದ, ಮೆತ್ತಗೆ. “ನಿಮ್ಮಮ್ಮನ್ನೂ ಕರೀತೀನಿ. ಸದ್ದು ಅಂದ್ರೆ ಹೇಗಿರಬೇಕು ಅಂತ ಅವಳಿಗೂ ಗೊತ್ತಾಗ್ಲಿ.”